ಸೌಮ್ಯವೆಂಬ ಮಾತು

ಈ ವರ್ಷದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೊಂದು ಬರೆದುಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ, ನಾನು ವೈದ್ಯನಲ್ಲವೆಂಬ ನೆವವನ್ನು ಮುಂದೊಡ್ಡಿ ತಪ್ಪಿಸಿಕೊಳ್ಳಲು ನೋಡಿದೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮುಂತಾದವುಗಳ ಬಗೆಗೆ ಅಧಿಕಾರವಾಣಿಯಿಂದ ಬರೆಯಬಲ್ಲ ವೈದ್ಯಮಿತ್ರರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ನಾನಾದರೋ ಅಂಬರನಾಥದ ರಾಸಾಯನಿಕ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ 35 ವರ್ಷ ದುಡಿದು ನಿವೃತ್ತನಾದ ಸಾಮಾನ್ಯನು. ಆದರೂ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ನನಗೆ ಅನುಭವದ ಅಧಿಕಾರವುಂಟು. ಅದು ಹೊಗೆಸೊಪ್ಪು. ಅದನ್ನು ಸುರುಟುವವರ ಮನೆಯಲ್ಲಿ ಹುಟ್ಟಿ, ಅದನ್ನು ಸೇದಿ, ಅದನ್ನು ಬಿಟ್ಟು, ಮತ್ತೆ ಈಚೆಗೆ ಅದರ ಕೈಯಲ್ಲಿ ಸಿಕ್ಕಿಬೀಳುವುದರಲ್ಲಿದ್ದವನು ನಾನು. ಆ ಪ್ರಸಂಗವನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕಳೆದ ರಾಜ್ಯೋತ್ಸವ ಸಮಾರಂಭದ ಊಟದ ಬಳಿಕ, ನಮ್ಮವರೇ ಆದ ಒಬ್ಬ ತರುಣರು ನನ್ನನ್ನು ಪಕ್ಕಕ್ಕೆ ಕರೆದು ಚಿಕ್ಕದೊಂದು ಮರದ ಪೆಟ್ಟಿಗೆಯನ್ನು ಕೈಗಿತ್ತರು. ಅವರು ಕಂಪ್ಯೂಟರ್ ಕಂಪನಿಯೊಂದರ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿಬಂದವರು. ಪೆಟ್ಟಿಗೆಯಲ್ಲಿ ಐದು ಸಿಗಾರುಗಳು. ಡೊಮಿನಿಕನ್ ಗಣರಾಜ್ಯದಲ್ಲಿ ಕೈಯಿಂದಲೇ ಸುತ್ತಿದವು. “ಇದು ಬಹಳ ಮೈಲ್ಡ್, ಏನೂ ಆಗುವುದಿಲ್ಲ. ನಿಮ್ಮ ಮನೆತನವೇ ಬೀಡಿಯದಲ್ಲವೆ, ನೀವು ಪರೀಕ್ಷಿಸಿ ನೂರಕ್ಕೆ ಎಷ್ಟು ಅಂಕ ಕೊಡುತ್ತೀರೋ ಹೇಳಬೇಕು” ಎಂದರು. ಸಿಗಾರುಗಳಿಗೆ ಅಂಕ ಕೊಡುವ ಪತ್ರಿಕೆಗಳು ವಿದೇಶಗಳಲ್ಲಿವೆಯಂತೆ. ಸೇದುವುದನ್ನು ಬಿಟ್ಟು ಎರಡು ದಶಕಗಳಿಗೂ ಮಿಕ್ಕಿದ್ದ ನಾನು ಅಲ್ಲಿಯೇ ಬೇಡವೆನ್ನಬಹುದಾಗಿತ್ತು. ಎನ್ನಲಿಲ್ಲ. ಪರೀಕ್ಷಕನೆಂಬ ಹೆಸರು ಕೊಟ್ಟರೆ ಮುದುಕರು ಹೇಗೆ ಉಬ್ಬುತ್ತಾರೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ.

ಮನೆಗೆ ಬಂದು ಗ್ಯಾಲರಿಯಲ್ಲಿ ಕುಳಿತು ಒಂದನ್ನು ಎತ್ತಿಕೊಂಡೆ. ಕೈಗೆಲಸ ನೋಡಿ ಮನಸ್ಸು ನಿಜಕ್ಕೂ ಅರಳಿತು. ಸಿಗಾರಿಗೆ ಮೂರು ಅಂಗಗಳು: ಒಳಗೆ ತಿರುಳಿನ ಎಲೆಗಳು, ಅವನ್ನು ಹಿಡಿದಿಡುವ ಕಟ್ಟಿನ ಎಲೆ, ಹೊರಗೆ ಹೊದಿಕೆಯ ಎಲೆ. ಬೀಡಿಯ ಹೊರ ಎಲೆ ಹೊಗೆಸೊಪ್ಪಲ್ಲ, ಕಾಡಿನ ತೆಂದು ಎಲೆ; ಸಿಗಾರಿನಲ್ಲಿಯಾದರೋ ಒಳಗೂ ಹೊರಗೂ ಹೊಗೆಸೊಪ್ಪೇ. ಇದರ ಹೊದಿಕೆ ತಿಳಿಹೊನ್ನಿನ ಬಣ್ಣದ್ದು. ಅಮೆರಿಕದ ಕನೆಕ್ಟಿಕಟ್ ಕಣಿವೆಯಲ್ಲಿ ಬಟ್ಟೆಯ ಚಪ್ಪರ ಹಾಕಿ, ಬಿಸಿಲು ನೇರವಾಗಿ ತಾಕದಂತೆ ಬೆಳೆಸುವ ತೆಳುವಾದ ಎಲೆ. ನರಗಳು ಕಾಣಿಸದಷ್ಟು ನಯ. ಬುಡದಿಂದ ತುದಿಯವರೆಗೆ ಬೆರಳುಗಳಿಂದ ಒತ್ತಿ ನೋಡಿದರೆ ಎಲ್ಲಿಯೂ ಗಂಟಿಲ್ಲ, ಎಲ್ಲಿಯೂ ಟೊಳ್ಳಿಲ್ಲ. ತುದಿ ಕತ್ತರಿಸಿ, ಬೆಂಕಿ ಹಚ್ಚದೆಯೇ ಒಮ್ಮೆ ಎಳೆದು ನೋಡಿದೆ; ಒಣಹುಲ್ಲು, ಸ್ವಲ್ಪ ಜೇನು, ಹಳೆಯ ಮರದ ಕಪಾಟಿನ ವಾಸನೆ. ಅಂಬರನಾಥದ ಮಳೆಗಾಲದಲ್ಲಿ ಇಂಥದು ನೀರು ಹೀರಿ ಊದಿಕೊಂಡು ಹಾಳಾಗುತ್ತಿತ್ತು, ನವೆಂಬರ್ ತಿಂಗಳಾದುದರಿಂದ ಸ್ಥಿತಿ ಚೆನ್ನಾಗಿತ್ತು.

ಸಿಗಾರನ್ನು ಕಡ್ಡಿಪೆಟ್ಟಿಗೆಯಿಂದಲೇ ಹೊತ್ತಿಸಬೇಕು, ಅದೂ ಕಡ್ಡಿಯ ತಲೆಯ ಮದ್ದು ಪೂರ್ತಿ ಉರಿದುಹೋದ ಮೇಲೆ, ಎಂಬುದು ರಸಿಕರ ನಿಯಮ. ಇಲ್ಲವಾದರೆ ಗಂಧಕದ ವಾಸನೆ ಎಲೆಗೆ ಹಿಡಿಯುತ್ತದೆ. ಕಡ್ಡಿಪೆಟ್ಟಿಗೆಯ ವಿಷಯದಲ್ಲಿ ಅಂಬರನಾಥದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1920ರ ದಶಕದಲ್ಲಿ ಸ್ವೀಡನ್ನಿನ ಬಂಡವಾಳದಿಂದ ಸ್ಥಾಪಿತವಾದ ವಿಮ್ಕೋ ಬೆಂಕಿಕಡ್ಡಿ ಕಾರ್ಖಾನೆ ಒಂದು ಕಾಲಕ್ಕೆ ಈ ಊರಿನ ಹೆಗ್ಗುರುತಾಗಿತ್ತು. ರೈಲುಹಳಿಯ ಪಶ್ಚಿಮಕ್ಕೆ ವಿಮ್ಕೋ ನಾಕಾ ಎಂಬ ಹೆಸರು ಇಂದಿಗೂ ಉಳಿದಿದೆ. ನಾನು 1972ರಲ್ಲಿ ಇಲ್ಲಿಗೆ ಬಂದಾಗ ಆ ಊರಿನ ಕಡ್ಡಿಯಿಂದಲೇ ನನ್ನೂರಿನ ಬೀಡಿಯನ್ನು ಹಚ್ಚಿ, ಎರಡು ಊರುಗಳೂ ಒಂದಾದುವೆಂದು ಗೆಳೆಯರಲ್ಲಿ ಹಾಸ್ಯ ಮಾಡುತ್ತಿದ್ದೆ.

ಹೊತ್ತಿಸಿದೆ. ಬೂದಿ ಬೆಳ್ಳಗೆ, ಬಿಗಿಯಾಗಿ, ಒಂದು ಅಂಗುಲದವರೆಗೆ ಕಳಚದೆ ನಿಂತಿತು. ಕೆಂಡ ಸುತ್ತಲೂ ಸಮನಾಗಿ ಸರಿಯಿತು. ಹೊಗೆಯನ್ನು ಬಾಯಲ್ಲಿ ಹಿಡಿದರೆ ಮೊದಲು ಹಾಲು ಬೆರೆತ ಕಾಫಿಯಂಥ ರುಚಿ, ನಡುವೆ ಬಾದಾಮಿಯ ಒಗರು, ಕೊನೆಯಲ್ಲಿ ಮೆಣಸಿನ ಒಂದು ಎಳೆ. ಘಾಟು ಎಂಬುದೇ ಇಲ್ಲ. ನಮ್ಮ ಭಾಷೆಯಲ್ಲಿ ‘ಘಾಟು’ ಎಂಬುದು ಎಷ್ಟು ಒಳ್ಳೆಯ ಶಬ್ದ! ಒಗ್ಗರಣೆಗೂ ಸಲ್ಲುತ್ತದೆ, ಹೊಗೆಸೊಪ್ಪಿಗೂ ಸಲ್ಲುತ್ತದೆ. ಮೂಗಿಗೆ, ಗಂಟಲಿಗೆ, ಕಣ್ಣಿಗೆ ಒಟ್ಟಿಗೆ ತಾಕುವ ಒಂದು ಎಚ್ಚರಿಕೆ ಅದು. ಆ ಎಚ್ಚರಿಕೆ ಇಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಮೂರರಲ್ಲೊಂದು ಭಾಗ ಉರಿಯುವಷ್ಟರಲ್ಲಿ, ಸಿಗಾರಿನ ಹೊಗೆಯನ್ನು ಒಳಕ್ಕೆ ಎಳೆಯಬಾರದೆಂಬ ನಿಯಮವನ್ನು ಮರೆತು ನಾನು ಎದೆಯ ತುಂಬ ಎಳೆದಿದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ತಾಯಿ ಬಂಟವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಬೀಡಿ ಕಟ್ಟುತ್ತಿದ್ದರು. ದಕ್ಷಿಣ ಕನ್ನಡದಿಂದ ಬಂದ ವಾಚಕರಿಗೆ ಆ ಚಿತ್ರವನ್ನು ವರ್ಣಿಸುವ ಅಗತ್ಯವಿಲ್ಲ. ನೀರಿನಲ್ಲಿ ನೆನೆಸಿದ ತೆಂದು ಎಲೆ, ತಗಡಿನ ಅಚ್ಚು, ಕತ್ತರಿ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಮೊಣಕಾಲ ಮೇಲೆ ನೂಲಿನ ಉಂಡೆ. ಒಂದು ಬೀಡಿಗೆ ಸೊಪ್ಪು ಹೆಚ್ಚುಕಡಿಮೆ ಒಂದು ಗ್ರಾಮಿನ ಐದನೆಯ ಒಂದು ಪಾಲು. ಅದನ್ನು ತೂಕವಿಲ್ಲದೆ ಬೆರಳುಗಳೇ ಅಳೆಯುತ್ತಿದ್ದುವು. 25ಕ್ಕೆ ಒಂದು ಕಟ್ಟು. ಶನಿವಾರ ಗುತ್ತಿಗೆದಾರನಲ್ಲಿಗೆ ಒಯ್ದರೆ ಆತ ಕಟ್ಟನ್ನು ಮೂಗಿನ ಬಳಿ ತಂದು, ಹಿಸುಕಿ, ಇಷ್ಟು ಸರಿಯಿಲ್ಲವೆಂದು ಬದಿಗೆ ಎಸೆಯುತ್ತಿದ್ದ. ಎಸೆದವುಗಳಿಗೆ ಕೂಲಿಯಿಲ್ಲ, ಹಾಗೆಂದು ಅವನ್ನು ತಾಯಿಗೆ ಮರಳಿಸುತ್ತಲೂ ಇರಲಿಲ್ಲ. ಈ ಅನ್ಯಾಯ ಊರೂರಿಗೂ ಇದ್ದುದರಿಂದಲೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದುದು. ಆ ಕಾಯಿದೆಯ ಹೆಸರಿನಲ್ಲಿ ಬೀಡಿಯೂ ಸಿಗಾರೂ ಒಟ್ಟಿಗಿರುವುದನ್ನು ಗಮನಿಸಿರಿ. ಶ್ರೀಮಂತನ ಬೆರಳಿನ ನಡುವಿನದಕ್ಕೂ ಹಮಾಲನ ಕಿವಿಯ ಮೇಲಿನದಕ್ಕೂ ಶಾಸನಕಾರರು ಭೇದವೆಣಿಸಲಿಲ್ಲ. ಇಂಗ್ಲಿಷರ ‘ಶೆರೂಟ್’ ಎಂಬ ಮಾತಾದರೂ ತಮಿಳಿನ ‘ಚುರುಟ್ಟು’ವಿನಿಂದ ಹೋದದ್ದು, ನಮ್ಮ ಸುರುಳಿ, ಸುರುಟುಗಳು ಅದರ ಬಂಧುಗಳು.

ಕೈಯಿಂದ ಸುತ್ತುವ ಈ ಕಸುಬಿಗೆ ಒಂದು ಘನತೆಯೂ ಇತ್ತೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದೀಚೆಗೆ, ಸುತ್ತುವವರು ಬೇಸರಪಡದಿರಲೆಂದು ಒಬ್ಬಾತ ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಓದುವ ಪದ್ಧತಿ ಬೆಳೆಯಿತು. ಕಾಸರಗೋಡಿನಿಂದ ಕೆಳಗಿನ ಕಣ್ಣೂರಿನ ಬೀಡಿ ಶಾಲೆಗಳಲ್ಲಿಯೂ ಹಾಗೆಯೇ: ಒಬ್ಬ ದಿನಪತ್ರಿಕೆ ಓದುವುದು, ಉಳಿದವರು ಅವನ ಪಾಲಿನ ಬೀಡಿಯನ್ನು ಕಟ್ಟಿಕೊಡುವುದು. 1969ರಲ್ಲಿ ಅಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘದ ಕಾರ್ಮಿಕರು ದೇಶದ ರಾಜಕೀಯವನ್ನು ನಮ್ಮ ಪದವೀಧರರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ನನ್ನ ತಾಯಿಗೆ ಓದಿ ಹೇಳುವವರು ಯಾರೂ ಇರಲಿಲ್ಲ. ಮನೆಯ ಜಗಲಿಯಲ್ಲಿ ಒಬ್ಬಳೇ ಕುಳಿತು ಕಟ್ಟುತ್ತಿದ್ದಳು, ಕೆಮ್ಮುತ್ತಿದ್ದಳು. ಆಕೆ ಜೀವಮಾನದಲ್ಲಿ ಒಂದು ಬೀಡಿ ಸೇದಿದವಳಲ್ಲ. ನನ್ನ ಶಾಲೆಯ ಶುಲ್ಕ ಆ ಕೆಮ್ಮಿನಿಂದ ಬಂದದ್ದು.

ರುಚಿನೋಡುವ ವಿದ್ಯೆ ನನಗೆ ಬಂದದ್ದು ಸೋದರಮಾವನಿಂದ. ಅವರು ಬೀಡಿ ಸಂಸ್ಥೆಯೊಂದರ ಶಾಖೆಯಲ್ಲಿ ತನಿಖೆಗಾರರಾಗಿದ್ದರು. ನಿಪ್ಪಾಣಿಯ ಸೊಪ್ಪಿಗೂ ಗುಜರಾತಿನ ಸೊಪ್ಪಿಗೂ ಇರುವ ಭೇದವನ್ನು ಚಿಟಿಕೆ ಪುಡಿ ಅಂಗೈಯಲ್ಲಿ ಉಜ್ಜಿ ಹೇಳುವರು. ಗಿಡದ ತುದಿಯ ಎಲೆಯಲ್ಲಿ ಕಡುಪು ಹೆಚ್ಚು, ಬುಡದ ಎಲೆಯಲ್ಲಿ ಕಡಿಮೆ. ಬೆರಕೆಯ ಜಾಣತನವೆಲ್ಲ ಅಲ್ಲಿದೆ ಎನ್ನುವರು. ಈ ದರ್ಜೆ ಕಟ್ಟುವ ವಿದ್ಯೆ ಸಣ್ಣ ವಿಷಯವಲ್ಲ. ವ್ಯಾಪಾರಿಯ ಮೂಗು ಹೇಳಿದ ದರ್ಜೆಯ ಮೇಲೆ ರೈತನ ಒಂದು ವರ್ಷದ ಬದುಕು ನಿಲ್ಲುತ್ತಿತ್ತು. ನ್ಯಾಯವಾದ ಬೆಲೆಗಾಗಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತರು. ಆ ಏಪ್ರಿಲ್ ತಿಂಗಳ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು.

ನನ್ನ ಸೋದರಮಾವ ತಾವು ಸೇದುತ್ತಿದ್ದುದು ಮಾತ್ರ ಸೌಮ್ಯವಾದ ಬೆರಕೆಯ ಬೀಡಿಯನ್ನೇ. “ಕಡಕ್ ಬೀಡಿ ಸೇದುವವ ಸಾಯುತ್ತಾನೆ. ನನ್ನದು ಹಾಲಿನ ಹಾಗೆ” ಎಂಬುದು ಅವರ ಮಾತಾಗಿತ್ತು. 1987ರಲ್ಲಿ ಧ್ವನಿ ಕೆಟ್ಟು, ಅನ್ನ ಇಳಿಯದಾದಾಗ ಅವರನ್ನು ಇಲ್ಲಿಗೆ ಕರೆಸಿಕೊಂಡೆ. ಆ ವರ್ಷ ಎಷ್ಟು ಸಲ ಅವರನ್ನು ಲೋಕಲ್ ಗಾಡಿಯಲ್ಲಿ ಕೂಡಿಸಿಕೊಂಡು ಪರೇಲಿನಲ್ಲಿ ಇಳಿದು ಟಾಟಾ ಸ್ಮಾರಕ ಆಸ್ಪತ್ರೆಯ ಮೆಟ್ಟಿಲು ಹತ್ತಿದೆನೋ ಲೆಕ್ಕವಿಟ್ಟಿಲ್ಲ. 1941ರಲ್ಲಿ ತೆರೆದ ಆ ಆಸ್ಪತ್ರೆಯ ಪಡಸಾಲೆಯಲ್ಲಿ ಭಾರತದ ಎಲ್ಲ ಭಾಷೆಗಳೂ ಪಿಸುಮಾತಿನಲ್ಲಿ ಕೇಳಿಬರುತ್ತವೆ. ಕನ್ನಡವೂ ತುಳುವೂ ಸಾಕಷ್ಟು. ವೈದ್ಯರು ಮಾಡಬಹುದಾದುದನ್ನೆಲ್ಲ ಮಾಡಿದರು. ಮಾತು ನಿಂತ ಮೇಲೆ ಮಾವ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಒಂದು ದಿನ ಬರೆದರು: “ಸೌಮ್ಯದ್ದೇ ಆಗಿತ್ತಲ್ಲ?” ಅದಕ್ಕೆ ನಾನು ಕೊಡಬಹುದಾದ ಉತ್ತರ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಿಡಲು ನನಗೆ ಇನ್ನೂ ಹನ್ನೊಂದು ವರ್ಷ ಹಿಡಿಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆ ಉತ್ತರ ಇದು. ಸೌಮ್ಯವೆಂಬುದು ನಾಲಿಗೆಯ ತೀರ್ಪು. ರಕ್ತದ ತೀರ್ಪಲ್ಲ, ಶ್ವಾಸಕೋಶದ ತೀರ್ಪಲ್ಲ. ತೆಂದು ಎಲೆಯಲ್ಲಿ ಗಾಳಿ ಆಡುವ ರಂಧ್ರಗಳು ಕಡಿಮೆ, ಅದು ಸುಲಭವಾಗಿ ಉರಿಯದು. ಬೀಡಿ ಆರಿಹೋಗದಿರಲು ಮೇಲಿಂದಮೇಲೆ ಎಳೆಯಬೇಕು. ಆದಕಾರಣ ಸೊಪ್ಪು ಸಿಗರೇಟಿಗಿಂತ ಎಷ್ಟೋ ಕಡಿಮೆಯಿದ್ದರೂ, ಬೀಡಿಯಿಂದ ದೇಹ ಸೇರುವ ಟಾರೂ ಇಂಗಾಲದ ಮಾನಾಕ್ಸೈಡೂ ಕಡಿಮೆಯಲ್ಲ. ಸಿಗಾರಿನದು ಇನ್ನೊಂದು ಬಗೆಯ ವಂಚನೆ. ರಸಾಯನಶಾಸ್ತ್ರದವನಾದುದರಿಂದ ಇಲ್ಲಿ ಎರಡು ಮಾತು ಹೆಚ್ಚಾಗಿ ಹೇಳಲು ಅಪ್ಪಣೆ ಬೇಡುತ್ತೇನೆ. ಸಾಮಾನ್ಯ ಸಿಗರೇಟಿನ ಹೊಗೆ ಸ್ವಲ್ಪ ಆಮ್ಲೀಯ. ಅದರಲ್ಲಿ ನಿಕೋಟಿನ್ ಬಹುಪಾಲು ಲವಣರೂಪದಲ್ಲಿರುವುದರಿಂದ ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟದು, ಎದೆಗೆ ಎಳೆಯಲೇಬೇಕು. ಸಿಗಾರಿನ ಎಲೆಯನ್ನಾದರೋ ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ, ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಅದರ ಹೊಗೆ ಕ್ಷಾರೀಯ. ಕ್ಷಾರದಲ್ಲಿ ನಿಕೋಟಿನ್ ಬಿಡುಗಡೆಗೊಂಡು ಬಾಯಿಯ ಪೊರೆಯ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಒಳಕ್ಕೆ ಎಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲವೆಂದು ಹೇಳುವ ಸಿಗಾರ್‌ಪ್ರಿಯರು, ಎಳೆಯದೆಯೇ ತಮಗೆ ಅಷ್ಟೊಂದು ಸುಖವೇಕೆ ದೊರೆಯುತ್ತಿದೆಯೆಂದು ವಿಚಾರಿಸಿಕೊಂಡಿಲ್ಲ. ಮೇಲಾಗಿ ಸಿಗರೇಟಿನಲ್ಲಿ ಸೊಪ್ಪು ಒಂದು ಗ್ರಾಮಿಗೂ ಕಡಿಮೆ; ದೊಡ್ಡ ಸಿಗಾರೊಂದರಲ್ಲಿ ಒಂದಿಡೀ ಪ್ಯಾಕಿನಷ್ಟು ಸೊಪ್ಪು ಇರಬಲ್ಲುದು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರುಗಳ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿತು. ಪ್ರತಿದಿನ ಸಿಗಾರ್ ಸೇದುವವರಲ್ಲಿ, ಒಳಕ್ಕೆ ಎಳೆಯದವರಲ್ಲಿಯೂ ಕೂಡ, ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯ ಹೆಚ್ಚೆಂಬುದನ್ನು ಅದು ತೋರಿಸಿತು. ಎಳೆಯದವರಿಗೆ ಶ್ವಾಸಕೋಶದ ಅಪಾಯ ಸಿಗರೇಟಿನವರಿಗಿಂತ ಕಡಿಮೆಯೆಂಬುದೂ ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಿಂದೆ ಸಿಗರೇಟೋ ಬೀಡಿಯೋ ಸೇದುತ್ತಿದ್ದವನ ಎದೆಗೆ ಎಳೆಯುವ ಹಳೆಯ ಅಭ್ಯಾಸವಿದೆ. ಘಾಟಾದ ಸಿಗಾರಾದರೆ ಗಂಟಲೇ ತಡೆಯುತ್ತದೆ. ಸೌಮ್ಯವಾದುದು ತಡೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ, ಬಿಟ್ಟವನಿಗೆ ಎಲ್ಲಕ್ಕಿಂತ ಅಪಾಯಕಾರಿಯಾದ ಸಿಗಾರ್ ಯಾವುದೆಂದರೆ ಅತ್ಯಂತ ಸೌಮ್ಯವಾದುದು, ಅತ್ಯಂತ ಚೆನ್ನಾಗಿ ಸುತ್ತಿದುದು.

ಈ ‘ಸೌಮ್ಯ’ದ ವ್ಯಾಪಾರ ದೊಡ್ಡ ಕಂಪನಿಗಳಿಗೂ ಚೆನ್ನಾಗಿ ತಿಳಿದಿತ್ತು. ‘ಲೈಟ್’, ‘ಮೈಲ್ಡ್’ ಎಂಬ ಸಿಗರೇಟುಗಳ ತುದಿಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತಿದ್ದುವು. ಅಳತೆಯ ಯಂತ್ರ ಎಳೆದಾಗ ಗಾಳಿ ಬೆರೆತು ಟಾರಿನ ಅಂಕಿ ಕಡಿಮೆ ಬರುತ್ತಿತ್ತು. ಮನುಷ್ಯ ಎಳೆದಾಗ ಅವನ ಬೆರಳುಗಳೇ ರಂಧ್ರಗಳನ್ನು ಮುಚ್ಚುತ್ತಿದ್ದುವು, ಸಾಲದಿದ್ದರೆ ಇನ್ನೂ ಆಳವಾಗಿ ಎಳೆಯುತ್ತಿದ್ದನು. 2003ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಡಂಬಡಿಕೆ ಈ ಶಬ್ದಗಳನ್ನೇ ಹೆಸರಿಸಿ ಅವು ದಾರಿತಪ್ಪಿಸುವಂಥವೆಂದು ಸೂಚಿಸಿತು. ಅಮೆರಿಕದಲ್ಲಿ 2010ರಿಂದ ಸಿಗರೇಟಿನ ಪೊಟ್ಟಣಗಳ ಮೇಲೆ ಅವು ನಿಂತುಹೋದುವು. ಪೊಟ್ಟಣದಿಂದ ಹೋದ ಶಬ್ದ ಗೆಳೆಯರ ಬಾಯಲ್ಲಿ ಉಳಿದುಕೊಂಡಿದೆ, ಅದಕ್ಕೆ ಯಾವ ಕಾಯಿದೆಯೂ ಇಲ್ಲ.

ಹೊಗೆಸೊಪ್ಪನ್ನು ರುಚಿನೋಡಿ ತೀರ್ಪು ಹೇಳಿದ ಒಂದು ಪುರಾತನ ಪ್ರಸಂಗ ನಮ್ಮ ನಾಡಿಗೇ ಸಂಬಂಧಿಸಿದುದೆಂಬುದು ಕುತೂಹಲದ ಸಂಗತಿ. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು 1604ರ ಸುಮಾರಿಗೆ ಅಲ್ಲಿ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, ರತ್ನಖಚಿತವಾದ ಕೊಳವೆಯೊಂದಿಗೆ ಅದನ್ನು ಚಕ್ರವರ್ತಿಗೆ ಒಯ್ದನು. ಅಕ್ಬರನು ಕೆಲವು ದಮ್ಮು ಎಳೆದನು. ರಾಜವೈದ್ಯನು ಅಡ್ಡಬಂದು, ಇದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹೇಳದ, ಪರೀಕ್ಷೆಗೊಳಗಾಗದ ವಸ್ತು, ಬೇಡವೆಂದನು. ಯುರೋಪಿನ ಜಾಣರು ಬಳಸುತ್ತಿರುವಾಗ ಸಂಶಯವೇಕೆಂದು ಅಸದ್ ಬೇಗನು ವಾದಿಸಿದನು. ಅಕ್ಬರನಿಗೆ ವಾದ ಹಿಡಿಸಿತು, ಆದರೂ ಆತ ಮುಂದೆ ಸೇದಲಿಲ್ಲ; ಆಸ್ಥಾನದ ಸರದಾರರು ಮಾತ್ರ ಹಿಡಿದುಕೊಂಡರು. ವೈದ್ಯನ ತರ್ಕ ದುರ್ಬಲವಾಗಿತ್ತು, ತೀರ್ಪು ಸರಿಯಾಗಿತ್ತು. ಅವನಿಗೆ ಬೇಕಾಗಿದ್ದ ಪರೀಕ್ಷೆ ನಡೆಯಲು ಸುಮಾರು 350 ವರ್ಷ ಬೇಕಾಯಿತು: 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಅವರು ಆಸ್ಪತ್ರೆಯ ರೋಗಿಗಳ ವಿವರಗಳನ್ನು ಹೋಲಿಸಿ ನೋಡಿದಾಗ.

ನಮ್ಮಲ್ಲಿ ಕೆಲವರು ಕೇಳಬಹುದು: ಬೀಡಿಯ ಅನ್ನ ತಿಂದು ಬೆಳೆದವನು ಬೀಡಿಯನ್ನು ಹಳಿಯುವುದು ಸರಿಯೆ? ಲಕ್ಷಾಂತರ ಹೆಂಗಸರ ಹೊಟ್ಟೆಪಾಡು ಅದಲ್ಲವೆ? ಈ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ನಾಳೆಯೇ ಮುಚ್ಚಿಬಿಡಿರೆಂದು ಕೂಗುವವರ ಜೊತೆ ನಾನಿಲ್ಲ. ಆದರೆ ಕಟ್ಟುವವಳ ಹೆಸರು ಹೇಳಿ ಸೇದುವುದನ್ನು ಸಮರ್ಥಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಕೆಗೆ ಬೇಕಾದುದು ಬೇರೆ ಕೆಲಸ, ನಮ್ಮ ಕೆಮ್ಮಲ್ಲ. ದೇಶದ ಸಮೀಕ್ಷೆಯ ಪ್ರಕಾರ 2009–10ರಲ್ಲಿ ವಯಸ್ಕರಲ್ಲಿ ಶೇಕಡಾ 9.2ರಷ್ಟಿದ್ದ ಬೀಡಿ ಸೇದುವವರು 2016–17ಕ್ಕೆ ಶೇಕಡಾ 7.7ಕ್ಕೆ ಇಳಿದಿದ್ದರು. ಬೀಡಿ ಕಡಿಮೆಯಾಗುತ್ತಿರುವಾಗ, ನಮ್ಮ ಓದಿದ ಮಕ್ಕಳು ಅದೇ ಸೊಪ್ಪನ್ನು ಕಂಪಿನ ಪೆಟ್ಟಿಗೆಯಲ್ಲಿಟ್ಟು, ಅಂಕ ಕೊಟ್ಟು, ಹವ್ಯಾಸವೆಂದು ಕರೆದು ಮನೆಗೆ ತರುತ್ತಿರುವುದೇ ನನ್ನ ಚಿಂತೆಗೆ ಕಾರಣ.

ಮತ್ತೆ ನನ್ನ ಸಂಗತಿಗೆ ಬರುತ್ತೇನೆ. ಆ ಸಿಗಾರನ್ನು ಅರ್ಧಕ್ಕೆ ಆರಿಸಿ ಇಟ್ಟೆ. ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹಾಲು ತರಲೆಂದು ಹೊರಟವನು ನಿಲ್ದಾಣದ ಹೊರಗಿನ ಪಾನ್ ಅಂಗಡಿಯ ಮುಂದೆ ನಿಂತಿದ್ದೆ. ಕಾಲು ಅಲ್ಲಿಗೆ ಹೇಗೆ ಬಂತೆಂದು ತಿಳಿಯದು. ಒಂದು ಕಟ್ಟು ಬೀಡಿ ಕೊಂಡೆ. ಮನೆಯವರ ಕಣ್ಣಿಗೆ ಬೀಳಬಾರದೆಂದು ರಿಕ್ಷಾ ಹಿಡಿದು ಹಳೆಯ ಶಿವಾಲಯದ ಕಡೆಗೆ ಹೋದೆ. 1060ರ ಶಾಸನವುಳ್ಳ ಶಿಲಾಹಾರರ ಆ ದೇವಾಲಯದ ಹೊರಗೆ, ವಾಲಧುನಿ ನದಿಯ ದಂಡೆಯಲ್ಲಿ ಕುಳಿತು, ಎಪ್ಪತ್ತು ದಾಟಿದ ನಾನು ಕಳ್ಳ ಹುಡುಗನಂತೆ ಎರಡು ಬೀಡಿ ಸೇದಿದೆ. ಮೂರನೆಯದನ್ನು ಹಚ್ಚುವಾಗ ಕೈ ನಡುಗಿತು. ಎರಡು ದಶಕಗಳ ಸಂಯಮವನ್ನು ಒಂದು ಸೌಮ್ಯವಾದ ಸಿಗಾರ್ ಹದಿನೆಂಟು ಗಂಟೆಗಳಲ್ಲಿ ಅಳಿಸಿಹಾಕಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಮಾತಾಡಲಿಲ್ಲ, ಮಾವನ ಸ್ಲೇಟು ನಮ್ಮ ಮನೆಯಲ್ಲಿ ಇನ್ನೂ ಇದೆ, ಅದನ್ನು ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು. ತಂಬಾಕು ಬಿಡಲು ನೆರವಾಗುವ ಸರ್ಕಾರಿ ದೂರವಾಣಿ ಸೇವೆಯೊಂದಿದೆ, 1800-11-2356, ಕರೆಗೆ ಹಣವಿಲ್ಲ. ಅಲ್ಲಿಗೆ ಮಾತಾಡಿದೆ. ಆ ಕಡೆಯ ಹುಡುಗಿ ನನ್ನನ್ನು ಬೈಯಲಿಲ್ಲ, ಬಿಡುವ ದಿನಾಂಕವೊಂದನ್ನು ಗೊತ್ತುಮಾಡಿಕೊಳ್ಳಿ ಎಂದಳು. ಅದೇ ದಿನವೆಂದೆ. ಮೂರು ವಾರ ಕಷ್ಟವಾಯಿತು. ಈ ವಯಸ್ಸಿನಲ್ಲಿಯೂ ಬಿಟ್ಟರೆ ಪ್ರಯೋಜನವುಂಟೆಂದು ನಮ್ಮ ವೈದ್ಯಮಿತ್ರರು ಧೈರ್ಯ ಹೇಳಿದರು.

ತರುಣ ಮಿತ್ರರು ಅಂಕವೆಷ್ಟೆಂದು ಕೇಳಲು ಬಂದಾಗ, ಕೈಗೆಲಸಕ್ಕೆ 95 ಎಂದೆ. ಮೃದುತ್ವಕ್ಕೆ ಎಂದು ಕೇಳಿದರು. ಅದಕ್ಕೆ ಪರೀಕ್ಷಕ ನಾನಲ್ಲವೆಂದು ಹೇಳಿ, ನಡೆದುದನ್ನು ಬಿಚ್ಚಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವೂ ವಾರಕ್ಕೊಂದೆಂದು ಆರಂಭಿಸಿ ಈಗ ದಿನಕ್ಕೊಂದಕ್ಕೆ ಬಂದಿರುವುದಾಗಿ ಹೇಳಿದರು. ಅವರಿಗೂ ಆ ದೂರವಾಣಿ ಸಂಖ್ಯೆಯನ್ನು ಬರೆದುಕೊಟ್ಟಿದ್ದೇನೆ.

ಉಳಿದ ನಾಲ್ಕೂವರೆ ಸಿಗಾರುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಕೈಗೆಲಸದ ಮೇಲಿನ ಗೌರವ. ಒಂದು ಬಕೆಟ್ಟು ನೀರಿನಲ್ಲಿ ಪುಡಿಮಾಡಿ ನೆನೆಹಾಕಿ, ಸೋಸಿ, ಗ್ಯಾಲರಿಯಲ್ಲಿದ್ದ ದಾಸವಾಳದ ಗಿಡಕ್ಕೆ ಸಿಂಪಡಿಸಿದೆ. ನಮ್ಮೂರಿನಲ್ಲಿ ತರಕಾರಿ ಗಿಡಗಳಿಗೆ ತಾಯಿ ಹೀಗೆಯೇ ಹೊಗೆಸೊಪ್ಪಿನ ಕಷಾಯ ಹಾಕುತ್ತಿದ್ದಳು. ತಿಂಗಳುಗಟ್ಟಲೆ ಹೋಗದಿದ್ದ ಗಿಡದ ಹೇನುಗಳು ಎರಡು ದಿನಗಳಲ್ಲಿ ಸತ್ತು ಉದುರಿದುವು. ದಾಸವಾಳ ಈಗ ಚೆನ್ನಾಗಿ ಹೂಬಿಡುತ್ತಿದೆ.